ಬ್ಲಾಕ್‌ಚೈನ್ ಸೇತುವೆ

ಬ್ಲಾಕ್‌ಚೈನ್ ಸೇತುವೆ ಎಂಬುದು ಒಂದು ಬ್ಲಾಕ್‌ಚೈನ್ ಜಾಲದಲ್ಲಿರುವ ಟೋಕನ್‌ನ ಮೌಲ್ಯವನ್ನು ಮತ್ತೊಂದು ಬ್ಲಾಕ್‌ಚೈನ್ ಜಾಲದಲ್ಲಿ ಬಳಸಲು ಅನುವು ಮಾಡಿಕೊಡುವ ತಂತ್ರಾಂಶ ವ್ಯವಸ್ಥೆ. ಬಿಟ್‌ಕಾಯಿನ್, ಇಥೀರಿಯಮ್, ಸೊಲಾನಾ, ಪಾಲಿಗನ್ ಮೊದಲಾದ ಜಾಲಗಳು ತಮ್ಮ ತಮ್ಮ ಲೆಕ್ಕದ ಪುಸ್ತಕಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತವೆ. ಒಂದರ ಪುಸ್ತಕದಲ್ಲಿ ನಡೆದದ್ದು ಇನ್ನೊಂದಕ್ಕೆ ತಾನಾಗಿ ತಿಳಿಯುವುದಿಲ್ಲ. ಈ ಕೊರತೆಯನ್ನು ನೀಗಲು ಸೇತುವೆಗಳು ಹುಟ್ಟಿಕೊಂಡವು. 2021ರಿಂದ 2023ರವರೆಗೆ ಕ್ರಿಪ್ಟೋ ಲೋಕದಲ್ಲಿ ನಡೆದ ಅತಿ ದೊಡ್ಡ ಕಳವುಗಳಲ್ಲಿ ಹಲವು ಸೇತುವೆಗಳಿಗೆ ಸಂಬಂಧಿಸಿದವು. ಅವುಗಳಲ್ಲಿ ಹೆಚ್ಚಿನವು ಮೂಲ ಬ್ಲಾಕ್‌ಚೈನ್ ಕೆಟ್ಟದ್ದರಿಂದ ಉಂಟಾದವಲ್ಲ. ಎರಡು ಜಾಲಗಳನ್ನು ಕೂಡಿಸುವ ಬೆಸುಗೆ ಬಿಟ್ಟದ್ದರಿಂದ ಉಂಟಾದವು. ಕೀಲಿಗಳನ್ನು ಕಾಯುವ ಕ್ರಮ, ಸಂದೇಶವನ್ನು ತಾಳೆ ನೋಡುವ ಕೋಡ್ ಹಾಗೂ ಡೆವಲಪರ್‌ಗಳು ಕಾಲಕಾಲಕ್ಕೆ ಮಾಡುವ ಮಾರ್ಪಾಡುಗಳು ಈ ಬೆಸುಗೆಯ ಮುಖ್ಯ ಭಾಗಗಳು.

ಹಿನ್ನೆಲೆ

ಬಿಟ್‌ಕಾಯಿನ್ ಜಾಲವು 2009ರ ಜನವರಿಯಲ್ಲಿ ಆರಂಭವಾಯಿತು. ಕೋಡ್ ರೂಪದ ಕರಾರುಗಳನ್ನು, ಅಂದರೆ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳನ್ನು, ನಡೆಸಬಲ್ಲ ಇಥೀರಿಯಮ್ ಜಾಲವು 2015ರ ಜುಲೈನಲ್ಲಿ ಬಳಕೆಗೆ ಬಂದಿತು. ಬಿಟ್‌ಕಾಯಿನ್ ಹೊಂದಿರುವವರು ಅದನ್ನು ಇಥೀರಿಯಮ್‌ನ ಸಾಲ, ವಿನಿಮಯ ಮುಂತಾದ ಸೇವೆಗಳಲ್ಲಿ ನೇರವಾಗಿ ಬಳಸುವಂತಿರಲಿಲ್ಲ. 2019ರ ಜನವರಿಯಲ್ಲಿ ಬಂದ ಡಬ್ಲ್ಯುಬಿಟಿಸಿ ಎಂಬ ಟೋಕನ್ ಈ ಅಡಚಣೆಗೆ ಒಂದು ಪರಿಹಾರವಾಯಿತು. ಬಿಟ್‌ಕಾಯಿನ್ ಅನ್ನು ಪಾಲಕ ಸಂಸ್ಥೆಯ ವಶದಲ್ಲಿಟ್ಟು, ಅದಕ್ಕೆ ಸಮನಾದ ಟೋಕನ್ ಅನ್ನು ಇಥೀರಿಯಮ್‌ನಲ್ಲಿ ನೀಡುವುದು ಅದರ ಕ್ರಮ.

ಮುಂದೆ ಇಥೀರಿಯಮ್‌ನಲ್ಲಿ ದಟ್ಟಣೆ ಹೆಚ್ಚಿ, ಒಂದೊಂದು ವಹಿವಾಟಿಗೆ ತೆರಬೇಕಾದ ಗ್ಯಾಸ್ ಶುಲ್ಕ ಏರಿದಾಗ, ಕಡಿಮೆ ಶುಲ್ಕದ ಹೊಸ ಜಾಲಗಳು ಬೆಳೆದವು. ಹಳೆಯ ಜಾಲದಲ್ಲಿದ್ದ ಹಣವನ್ನು ಹೊಸ ಜಾಲಕ್ಕೆ ಒಯ್ಯುವ ಅಗತ್ಯವೂ ಅದರೊಡನೆ ಬೆಳೆಯಿತು. ಹೀಗೆ 2020ರ ನಂತರ ಸೇತುವೆಗಳ ಸಂಖ್ಯೆ ವೇಗವಾಗಿ ಹೆಚ್ಚಿತು.

‘ಸೇತುವೆ’ ಎಂಬ ಹೆಸರು ತುಸು ದಾರಿ ತಪ್ಪಿಸುವಂಥದು. ಖಾನಾಪುರದಲ್ಲಿ ಮಲಪ್ರಭಾ ನದಿಯನ್ನು ದಾಟುವಾಗ ಈ ದಡದಿಂದ ಹೊರಟ ಬಂಡಿಯೇ ಆ ದಡವನ್ನು ಸೇರುತ್ತದೆ. ಬ್ಲಾಕ್‌ಚೈನ್ ಸೇತುವೆಯಲ್ಲಿ ಯಾವುದೂ ದಾಟುವುದಿಲ್ಲ. ಒಂದು ಜಾಲದಲ್ಲಿ ಟೋಕನ್ ಅನ್ನು ತಡೆಹಿಡಿಯಲಾಗುತ್ತದೆ, ಇನ್ನೊಂದು ಜಾಲದಲ್ಲಿ ಅದಕ್ಕೆ ಪ್ರತಿಯಾಗಿ ಮತ್ತೊಂದು ಟೋಕನ್ ನೀಡಲಾಗುತ್ತದೆ. ಎರಡರ ನಡುವೆ ಹೋಗುವುದು ಒಂದು ಸಂದೇಶ ಮಾತ್ರ. ಸೇತುವೆಯ ಭದ್ರತೆಯೆಂದರೆ ಆ ಸಂದೇಶದ ಸತ್ಯಾಸತ್ಯತೆಯನ್ನು ನಿರ್ಣಯಿಸುವ ವ್ಯವಸ್ಥೆಯ ಭದ್ರತೆ.

ಕಾರ್ಯವಿಧಾನ

ಸೇತುವೆಗಳ ಕೆಲಸವನ್ನು ಉಗ್ರಾಣದ ರಸೀದಿಗೆ ಹೋಲಿಸಿ ತಿಳಿಯಬಹುದು. ಭಾರತದಲ್ಲಿ 2007ರ ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯು ವರ್ಗಾಯಿಸಬಹುದಾದ ಉಗ್ರಾಣ ರಸೀದಿಗಳಿಗೆ ಕಾನೂನಿನ ಮಾನ್ಯತೆ ನೀಡಿದೆ. ಖಾನಾಪುರದ ರೈತರೊಬ್ಬರು ನೂರು ಚೀಲ ಭತ್ತವನ್ನು ಬೆಳಗಾವಿಯ ನೋಂದಾಯಿತ ಉಗ್ರಾಣದಲ್ಲಿಟ್ಟು ಇಂಥ ರಸೀದಿ ಪಡೆದರೆಂದು ಭಾವಿಸೋಣ. ಭತ್ತ ಉಗ್ರಾಣದಲ್ಲೇ ಇರುತ್ತದೆ. ರಸೀದಿಯನ್ನು ಅಡವಿಟ್ಟು ಸಾಲ ಪಡೆಯಬಹುದು ಅಥವಾ ಅದನ್ನು ಬೇರೊಬ್ಬರಿಗೆ ವರ್ಗಾಯಿಸಬಹುದು. ರಸೀದಿಯನ್ನು ಹಿಂದಿರುಗಿಸಿದವರಿಗೆ ಭತ್ತ ದೊರೆಯುತ್ತದೆ, ರಸೀದಿ ರದ್ದಾಗುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಒಂದೇ ನಿಯಮದ ಮೇಲೆ: ಹೊರಗೆ ಚಲಾವಣೆಯಲ್ಲಿರುವ ರಸೀದಿಗಳ ಮೊತ್ತವೂ ಒಳಗಿರುವ ಚೀಲಗಳ ಮೊತ್ತವೂ ಸದಾ ಸಮವಾಗಿರಬೇಕು.

ಸೇತುವೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

ಬೀಗ ಹಾಕಿ ಟಂಕಿಸುವ ವಿಧಾನ: ಮೂಲ ಜಾಲದ ಸ್ಮಾರ್ಟ್ ಕಾಂಟ್ರ್ಯಾಕ್ಟ್‌ನಲ್ಲಿ ಟೋಕನ್ ಅನ್ನು ಬಂಧಿಸಿ, ಗುರಿ ಜಾಲದಲ್ಲಿ ಅದರ ಪ್ರತಿರೂಪವನ್ನು ಟಂಕಿಸಲಾಗುತ್ತದೆ. ಈ ಪ್ರತಿರೂಪಕ್ಕೆ ಸುತ್ತಿದ ಟೋಕನ್ ಎಂದು ಹೆಸರು. ಹಿಂದಿರುಗುವಾಗ ಪ್ರತಿರೂಪವನ್ನು ನಾಶಪಡಿಸಿ ಮೂಲವನ್ನು ಬಿಡಿಸಲಾಗುತ್ತದೆ. ಉಗ್ರಾಣ ರಸೀದಿಯ ಹೋಲಿಕೆ ಈ ಬಗೆಗೆ ಚೆನ್ನಾಗಿ ಒಪ್ಪುತ್ತದೆ.

ಸುಟ್ಟು ಟಂಕಿಸುವ ವಿಧಾನ: ಟೋಕನ್ ಹೊರಡಿಸಿದ ಸಂಸ್ಥೆಯೇ ಒಂದು ಜಾಲದಲ್ಲಿ ಅದನ್ನು ನಾಶಪಡಿಸಿ, ಇನ್ನೊಂದು ಜಾಲದಲ್ಲಿ ಮೂಲ ಟೋಕನ್ ಅನ್ನೇ ಹೊಸದಾಗಿ ನೀಡುತ್ತದೆ. ಇಲ್ಲಿ ಉಗ್ರಾಣವೇ ಇರುವುದಿಲ್ಲ. ಅಮೆರಿಕದ ಸರ್ಕಲ್ ಸಂಸ್ಥೆಯು ತನ್ನ ಯುಎಸ್‌ಡಿಸಿ ಟೋಕನ್‌ಗಾಗಿ 2023ರ ಏಪ್ರಿಲ್‌ನಲ್ಲಿ ಇಂಥ ವ್ಯವಸ್ಥೆಯನ್ನು ಜಾರಿಗೆ ತಂದಿತು.

ನಿಧಿಯ ಕೊಳದ ವಿಧಾನ: ಎರಡೂ ಜಾಲಗಳಲ್ಲಿ ಮೊದಲೇ ಹಣದ ಸಂಗ್ರಹವನ್ನು ಇಟ್ಟಿರಲಾಗುತ್ತದೆ. ಬಳಕೆದಾರರು ಒಂದು ಕೊಳಕ್ಕೆ ಸುರಿದಷ್ಟನ್ನು, ಶುಲ್ಕ ಕಳೆದು, ಇನ್ನೊಂದು ಕೊಳದಿಂದ ಪಡೆಯುತ್ತಾರೆ. ಆಚೆಯ ಕೊಳದಲ್ಲಿ ಸಾಕಷ್ಟು ಸಂಗ್ರಹವಿಲ್ಲದಿದ್ದರೆ ವರ್ಗಾವಣೆ ತಡವಾಗುತ್ತದೆ ಅಥವಾ ದುಬಾರಿಯಾಗುತ್ತದೆ.

ಸಂದೇಶದ ದೃಢೀಕರಣ

‘ಆ ಜಾಲದಲ್ಲಿ ಟೋಕನ್‌ಗೆ ಬೀಗ ಬಿದ್ದಿದೆ’ ಎಂಬುದನ್ನು ಈ ಜಾಲಕ್ಕೆ ತಿಳಿಸುವ ಸಾಕ್ಷಿ ಯಾರು ಎಂಬ ಪ್ರಶ್ನೆಗೆ ಸೇತುವೆಗಳು ಬೇರೆ ಬೇರೆ ಉತ್ತರ ನೀಡುತ್ತವೆ.

ಮೊದಲನೆಯದು ಸಹಿಗಾರರ ಸಮಿತಿ. ಗೊತ್ತುಪಡಿಸಿದ ಕೆಲವು ವ್ಯಾಲಿಡೇಟರ್‌ಗಳು ತಮ್ಮ ಖಾಸಗಿ ಕೀಲಿಗಳಿಂದ ಸಹಿ ಮಾಡುತ್ತಾರೆ. ನಿಗದಿತ ಸಂಖ್ಯೆಯ ಸಹಿಗಳು ಸೇರಿದರೆ ಸಂದೇಶ ಮಾನ್ಯವಾಗುತ್ತದೆ. ಇದು ಸರಳ ಮತ್ತು ಅಗ್ಗ. ಆದರೆ ಕೋಟ್ಯಂತರ ರೂಪಾಯಿಗಳ ಭದ್ರತೆ ಕೆಲವೇ ಕೀಲಿಗಳ ಮೇಲೆ ನಿಲ್ಲುತ್ತದೆ. ಎರಡನೆಯದು ಗಣಿತದ ಪುರಾವೆ. ಒಂದು ಜಾಲದ ಬ್ಲಾಕ್‌ಗಳ ಸಾರಾಂಶವನ್ನು ಇನ್ನೊಂದು ಜಾಲದ ಕಾಂಟ್ರ್ಯಾಕ್ಟ್ ತಾನೇ ಪರೀಕ್ಷಿಸುತ್ತದೆ. ಮನುಷ್ಯರ ಮೇಲಿನ ನಂಬಿಕೆ ಇಲ್ಲಿ ಕಡಿಮೆ, ಆದರೆ ಕೋಡ್ ಜಟಿಲ. ಮೂರನೆಯದು ಆಕ್ಷೇಪಣೆಗೆ ಕಾಲಾವಕಾಶ ನೀಡುವ ಕ್ರಮ. ಸಂದೇಶವನ್ನು ನಿಜವೆಂದು ತಾತ್ಕಾಲಿಕವಾಗಿ ಒಪ್ಪಿ, ಅದು ಸುಳ್ಳೆಂದು ಯಾರಾದರೂ ತೋರಿಸಲು ಕೆಲವು ದಿನ ಕಾಯಲಾಗುತ್ತದೆ. ಆರ್ಬಿಟ್ರಮ್, ಆಪ್ಟಿಮಿಸಮ್ ಮುಂತಾದ ಜಾಲಗಳ ಮೂಲ ಸೇತುವೆಯಿಂದ ಇಥೀರಿಯಮ್‌ಗೆ ಹಣ ಮರಳಲು ಸುಮಾರು 7 ದಿನ ಹಿಡಿಯುವುದಕ್ಕೆ ಇದೇ ಕಾರಣ.

ಇಥೀರಿಯಮ್‌ನ ಸಹಸಂಸ್ಥಾಪಕ ವಿಟಾಲಿಕ್ ಬುಟೆರಿನ್ ಅವರು 2022ರ ಜನವರಿಯಲ್ಲಿ, ಬೇರೆ ಬೇರೆ ಜಾಲಗಳನ್ನು ದಾಟುವ ಸೇತುವೆಗಳ ಭದ್ರತೆಗೆ ಮೂಲಭೂತ ಮಿತಿಗಳಿವೆ ಎಂದು ವಾದಿಸಿದರು. ಒಂದು ಜಾಲದ ಮೇಲೆ ದಾಳಿಯಾಗಿ ಅಲ್ಲಿನ ದಾಖಲೆ ಹಿಂದಕ್ಕೆ ಸರಿದರೆ, ಇನ್ನೊಂದು ಜಾಲದಲ್ಲಿ ಆಗಲೇ ಹೊರಬಿದ್ದ ಪ್ರತಿರೂಪ ಟೋಕನ್‌ಗಳು ಆಧಾರವಿಲ್ಲದೆ ಉಳಿಯುತ್ತವೆ ಎಂಬುದು ಅವರ ವಾದದ ತಿರುಳು.

ಡೆವಲಪರ್ ಪ್ರಕಟಣೆಗಳು ಮತ್ತು ಮಾರ್ಪಾಡುಗಳು

ಬ್ಲಾಕ್‌ಚೈನ್ ದಾಖಲೆ ಬದಲಾಗದು ಎಂಬ ಮಾತು ಪ್ರಚಲಿತದಲ್ಲಿದೆ. ದಾಖಲೆ ಬದಲಾಗದಿದ್ದರೂ ಅದನ್ನು ನಡೆಸುವ ತಂತ್ರಾಂಶ ಆಗಾಗ ಬದಲಾಗುತ್ತದೆ. ಹಳೆಯ ತಂತ್ರಾಂಶದೊಡನೆ ಹೊಂದಿಕೊಳ್ಳದಂಥ ಬದಲಾವಣೆಗೆ ಹಾರ್ಡ್ ಫೋರ್ಕ್ ಎನ್ನುತ್ತಾರೆ. ನಿಗದಿತ ಬ್ಲಾಕ್ ಸಂಖ್ಯೆ ಅಥವಾ ಸಮಯದೊಳಗೆ ಎಲ್ಲ ನೋಡ್‌ಗಳೂ ಹೊಸ ಆವೃತ್ತಿಗೆ ಬರಬೇಕು; ಬಾರದವು ಜಾಲದಿಂದ ಬೇರ್ಪಡುತ್ತವೆ. ಆದ್ದರಿಂದ ಡೆವಲಪರ್‌ಗಳು ಆವೃತ್ತಿಯ ಸಂಖ್ಯೆ, ಜಾರಿಯ ದಿನ, ಬದಲಾಗುವ ಅಂಶಗಳು ಹಾಗೂ ಬಳಕೆದಾರರು ಮಾಡಬೇಕಾದ ಕೆಲಸ ಇವುಗಳನ್ನು ಮುಂಚಿತವಾಗಿ ಪ್ರಕಟಿಸುವುದು ವಾಡಿಕೆ.

ಮುಖ್ಯ ಜಾಲಕ್ಕೆ ತರುವ ಮೊದಲು ಮಾರ್ಪಾಡನ್ನು ಟೆಸ್ಟ್‌ನೆಟ್ ಎಂಬ ಪ್ರಾಯೋಗಿಕ ಜಾಲದಲ್ಲಿ ಪರೀಕ್ಷಿಸಲಾಗುತ್ತದೆ. ಅಲ್ಲಿನ ಟೋಕನ್‌ಗಳಿಗೆ ಬೆಲೆಯಿರುವುದಿಲ್ಲ. ಇಥೀರಿಯಮ್‌ನಲ್ಲಿ 2024ರ ಮಾರ್ಚ್ 13ರಂದು ಜಾರಿಗೆ ಬಂದ ಡೆಂಕುನ್ ಮಾರ್ಪಾಡು ಅದಕ್ಕೆ ಮೊದಲು ಗೊರ್ಲಿ, ಸೆಪೋಲಿಯಾ ಮತ್ತು ಹೋಲೆಸ್ಕಿ ಎಂಬ ಪ್ರಾಯೋಗಿಕ ಜಾಲಗಳಲ್ಲಿ ಪರೀಕ್ಷೆಗೊಳಗಾಗಿತ್ತು.

ಸೇತುವೆಗಳಿಗೆ ಈ ಮಾರ್ಪಾಡುಗಳು ವಿಶೇಷ ಸವಾಲನ್ನೊಡ್ಡುತ್ತವೆ. ಸೇತುವೆಯು ಎರಡು ಜಾಲಗಳನ್ನು ಅವಲಂಬಿಸಿರುವುದರಿಂದ ಯಾವುದರಲ್ಲಿ ಬದಲಾವಣೆಯಾದರೂ ಅದು ಹೊಂದಿಕೊಳ್ಳಬೇಕು. ಅನೇಕ ಯೋಜನೆಗಳು ಹಾರ್ಡ್ ಫೋರ್ಕ್ ನಡೆಯುವ ವೇಳೆ ಸೇತುವೆಯನ್ನು ಕೆಲಕಾಲ ಮುಚ್ಚುತ್ತವೆ. ಆ ಸಮಯದಲ್ಲಿ ಹೊರಡಿಸಿದ ವರ್ಗಾವಣೆ ಬಾಕಿ ಎಂದು ತೋರಿಸುತ್ತ ನಿಲ್ಲಬಹುದು. ಇದಲ್ಲದೆ, ಸೇತುವೆಯ ಕಾಂಟ್ರ್ಯಾಕ್ಟ್‌ಗಳನ್ನು ಬದಲಿಸುವ ಅಧಿಕಾರ ಸಾಮಾನ್ಯವಾಗಿ ಕೆಲವು ಆಡಳಿತ ಕೀಲಿಗಳ ಕೈಯಲ್ಲಿರುತ್ತದೆ. ದೋಷವನ್ನು ಬೇಗ ತಿದ್ದಲು ಈ ಅಧಿಕಾರ ಬೇಕು. ಕೀಲಿ ಕಳವಾದರೆ ಇದೇ ಅಧಿಕಾರ ಕಂಟಕವಾಗುತ್ತದೆ. ಬದಲಾವಣೆಯನ್ನು ಘೋಷಿಸಿದ ಕೆಲವು ದಿನಗಳ ನಂತರವೇ ಅದು ಜಾರಿಗೆ ಬರುವಂತೆ ಕಾಲದ ತಡೆ ಇಡುವುದು ಇದಕ್ಕೆ ಒಂದು ಉಪಾಯ. ಇಷ್ಟವಿಲ್ಲದ ಬಳಕೆದಾರರು ಅಷ್ಟರೊಳಗೆ ತಮ್ಮ ಹಣವನ್ನು ಹಿಂಪಡೆಯಬಹುದು.

ಭಾರತೀಯ ನಿದರ್ಶನ: ಪಾಲಿಗನ್

ಪಾಲಿಗನ್ ಜಾಲವು 2017ರಲ್ಲಿ ಜಯಂತಿ ಕನಾನಿ, ಸಂದೀಪ್ ನೈಲ್ವಾಲ್ ಮತ್ತು ಅನುರಾಗ್ ಅರ್ಜುನ್ ಅವರಿಂದ ಮ್ಯಾಟಿಕ್ ನೆಟ್‌ವರ್ಕ್ ಎಂಬ ಹೆಸರಿನಲ್ಲಿ ಭಾರತದಲ್ಲಿ ಆರಂಭವಾಯಿತು. 2020ರಲ್ಲಿ ಅದರ ಮುಖ್ಯ ಜಾಲ ಬಳಕೆಗೆ ಬಂದಿತು. 2021ರ ಫೆಬ್ರವರಿಯಲ್ಲಿ ಪಾಲಿಗನ್ ಎಂಬ ಹೊಸ ಹೆಸರು ಬಂದಿತು. ಇಥೀರಿಯಮ್‌ನೊಂದಿಗೆ ಇದನ್ನು ಕೂಡಿಸಲು ಪ್ಲಾಸ್ಮಾ ಸೇತುವೆ ಹಾಗೂ ಪಿಒಎಸ್ ಸೇತುವೆ ಎಂಬ ಎರಡು ವ್ಯವಸ್ಥೆಗಳಿದ್ದವು. ಪ್ಲಾಸ್ಮಾ ಮೂಲಕ ಹಣ ಹಿಂಪಡೆಯಲು 7 ದಿನ ಕಾಯಬೇಕಿತ್ತು. ಪಿಒಎಸ್ ಸೇತುವೆಯಲ್ಲಿ, ಪಾಲಿಗನ್‌ನ ವಹಿವಾಟುಗಳ ಸಾರಾಂಶವಾದ ಚೆಕ್‌ಪಾಯಿಂಟ್ ಇಥೀರಿಯಮ್‌ನಲ್ಲಿ ದಾಖಲಾಗುವವರೆಗೆ ಕಾದರೆ ಸಾಕಿತ್ತು.

2021ರ ಅಕ್ಟೋಬರ್‌ನಲ್ಲಿ ಗೆರ್ಹಾರ್ಡ್ ವ್ಯಾಗ್ನರ್ ಎಂಬ ಭದ್ರತಾ ಸಂಶೋಧಕರು ಪ್ಲಾಸ್ಮಾ ಸೇತುವೆಯಲ್ಲಿದ್ದ ದೋಷವೊಂದನ್ನು ವರದಿ ಮಾಡಿದರು. ಟೋಕನ್ ಸುಟ್ಟ ಒಂದೇ ದಾಖಲೆಯನ್ನು ಸ್ವಲ್ಪ ಬದಲಿಸಿ 223 ಬಾರಿ ತೋರಿಸಿ, ಅಷ್ಟೂ ಬಾರಿ ಹಣ ಪಡೆಯಲು ಸಾಧ್ಯವಿತ್ತು. ಉಗ್ರಾಣದ ಮಾತಿನಲ್ಲಿ ಹೇಳುವುದಾದರೆ, ಹಿಂದಿರುಗಿಸಿದ ರಸೀದಿಯ ಮೇಲೆ ರದ್ದತಿಯ ಮುದ್ರೆ ಸರಿಯಾಗಿ ಬೀಳುತ್ತಿರಲಿಲ್ಲ. ಸುಮಾರು 85 ಕೋಟಿ ಡಾಲರ್ ಮೌಲ್ಯ ಅಪಾಯದಲ್ಲಿತ್ತು. ಯಾರೂ ದುರುಪಯೋಗಪಡಿಸಿಕೊಳ್ಳುವ ಮೊದಲೇ ದೋಷವನ್ನು ತಿದ್ದಲಾಯಿತು. ವರದಿ ಮಾಡಿದವರಿಗೆ 20 ಲಕ್ಷ ಡಾಲರ್ ಬಹುಮಾನ ದೊರೆಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಮ್ಯಾಟಿಕ್ ಟೋಕನ್‌ನ ಕಾಂಟ್ರ್ಯಾಕ್ಟ್‌ನಲ್ಲಿ ಇನ್ನೊಂದು ಗಂಭೀರ ದೋಷ ಬೆಳಕಿಗೆ ಬಂದಿತು. 900 ಕೋಟಿಗೂ ಹೆಚ್ಚು ಮ್ಯಾಟಿಕ್ ಟೋಕನ್‌ಗಳು ಅಪಾಯದಲ್ಲಿದ್ದವು. ಡೆವಲಪರ್‌ಗಳು ಡಿಸೆಂಬರ್ 5ರಂದು ಮುಂಗಡ ಪ್ರಕಟಣೆಯಿಲ್ಲದೆ ಹಾರ್ಡ್ ಫೋರ್ಕ್ ನಡೆಸಿದರು. ಅಷ್ಟರಲ್ಲಿ 8,01,601 ಮ್ಯಾಟಿಕ್ ಕಳವಾಗಿತ್ತು. ಆ ನಷ್ಟವನ್ನು ತಾವೇ ಭರಿಸುವುದಾಗಿ ಡೆವಲಪರ್‌ಗಳು ತಿಳಿಸಿದರು. ಮಾರ್ಪಾಡಿನ ನಿಜವಾದ ಕಾರಣ ಸಾರ್ವಜನಿಕರಿಗೆ ತಿಳಿದದ್ದು ಡಿಸೆಂಬರ್ 29ರಂದು. ಈ ಪ್ರಕರಣವು ಡೆವಲಪರ್ ಪ್ರಕಟಣೆಗಳ ಒಳಗಿನ ಇಕ್ಕಟ್ಟನ್ನು ತೋರಿಸುತ್ತದೆ. ದೋಷವನ್ನು ಮೊದಲೇ ಸಾರಿದರೆ ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಸಾರದೆ ತಿದ್ದಿದರೆ, ಯಾರ ಅಧಿಕಾರವೂ ಇಲ್ಲದ ಮುಕ್ತ ಜಾಲವೆಂಬ ಹೇಳಿಕೆಗೆ ಧಕ್ಕೆ ಬರುತ್ತದೆ.

2024ರ ಸೆಪ್ಟೆಂಬರ್ 4ರಂದು ಮ್ಯಾಟಿಕ್ ಟೋಕನ್‌ನ ಸ್ಥಾನಕ್ಕೆ ಪಿಒಎಲ್ ಎಂಬ ಟೋಕನ್ ಬಂದಿತು. ಒಂದಕ್ಕೆ ಒಂದರಂತೆ ವಿನಿಮಯ ನಿಗದಿಯಾಗಿತ್ತು. ಪಾಲಿಗನ್ ಪಿಒಎಸ್ ಜಾಲದಲ್ಲೇ ಇದ್ದ ಮ್ಯಾಟಿಕ್ ತಾನಾಗಿ ಪಿಒಎಲ್ ಆಯಿತು. ಇಥೀರಿಯಮ್ ಜಾಲದಲ್ಲಿದ್ದ ಮ್ಯಾಟಿಕ್ ಅನ್ನು ಮಾತ್ರ ಅದರ ಒಡೆಯರೇ ವಲಸೆ ಕಾಂಟ್ರ್ಯಾಕ್ಟ್‌ನ ಮೂಲಕ ಬದಲಿಸಿಕೊಳ್ಳಬೇಕಿತ್ತು. ಒಂದೇ ಹೆಸರಿನ ಟೋಕನ್ ಯಾವ ಜಾಲದಲ್ಲಿದೆ ಎಂಬುದರ ಮೇಲೆ ಬಳಕೆದಾರರ ಕೆಲಸವೇ ಬೇರೆಯಾಗುತ್ತದೆ ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ. ಪಾಲಿಗನ್‌ನ ಪ್ರಾಯೋಗಿಕ ಜಾಲಕ್ಕೆ ಮೊದಲು ಮುಂಬೈ ಎಂದು ಹೆಸರಿತ್ತು. 2024ರ ಏಪ್ರಿಲ್‌ನಲ್ಲಿ ಅದು ಸ್ಥಗಿತಗೊಂಡು ಅದರ ಜಾಗಕ್ಕೆ ಅಮೋಯ್ ಎಂಬ ಜಾಲ ಬಂದಿತು. ಹಳೆಯ ಪಾಠಗಳಲ್ಲಿ ಮುಂಬೈ ಜಾಲದ ಉಲ್ಲೇಖ ಇನ್ನೂ ಕಾಣಸಿಗುವುದರಿಂದ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡಬೇಕಾಗುತ್ತದೆ.

ಪ್ರಮುಖ ವೈಫಲ್ಯಗಳು

ಉಗ್ರಾಣ ವ್ಯವಸ್ಥೆ ಕೆಡಲು ಎರಡು ದಾರಿಗಳಿವೆ: ಕೀಲಿ ಕದ್ದು ಚೀಲಗಳನ್ನು ಸಾಗಿಸುವುದು ಮತ್ತು ಚೀಲವೇ ಬಾರದೆ ರಸೀದಿ ಬರೆಸಿಕೊಳ್ಳುವುದು ಅಥವಾ ಸುಳ್ಳು ರಸೀದಿ ತೋರಿಸುವುದು. ಸೇತುವೆಗಳ ವೈಫಲ್ಯಗಳನ್ನೂ ಹೀಗೆಯೇ ವಿಂಗಡಿಸಬಹುದು.

ಕೀಲಿಗಳಿಗೆ ಸಂಬಂಧಿಸಿದವು

ರೋನಿನ್ (2022ರ ಮಾರ್ಚ್): ಆಕ್ಸಿ ಇನ್‌ಫಿನಿಟಿ ಎಂಬ ಆಟಕ್ಕಾಗಿ ಸ್ಕೈ ಮೇವಿಸ್ ಸಂಸ್ಥೆ ನಿರ್ಮಿಸಿದ ಜಾಲವಿದು. ಸೇತುವೆಯ 9 ವ್ಯಾಲಿಡೇಟರ್‌ಗಳಲ್ಲಿ 5 ಸಹಿಗಳು ಸಾಕಾಗಿದ್ದವು. ಅವುಗಳಲ್ಲಿ 4 ಕೀಲಿಗಳು ಒಂದೇ ಸಂಸ್ಥೆಯ ಬಳಿ ಇದ್ದವು. ಐದನೆಯ ಸಹಿಗೆ ಹಿಂದೊಮ್ಮೆ ತಾತ್ಕಾಲಿಕವಾಗಿ ನೀಡಿದ್ದ ಅನುಮತಿಯನ್ನು ಕೆಲಸ ಮುಗಿದ ಮೇಲೂ ಹಿಂಪಡೆದಿರಲಿಲ್ಲ. ದಾಳಿಕೋರರು ಮಾರ್ಚ್ 23ರಂದು 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ ಕದ್ದರು. ಬಳಕೆದಾರರೊಬ್ಬರಿಗೆ ಹಣ ಹಿಂಪಡೆಯಲು ಆಗದಿದ್ದಾಗ, ಮಾರ್ಚ್ 29ರಂದು, ಕಳವು ಗೊತ್ತಾಯಿತು. ಉತ್ತರ ಕೊರಿಯಾದ ಲಾಜರಸ್ ಗುಂಪು ಇದಕ್ಕೆ ಹೊಣೆಯೆಂದು ಅಮೆರಿಕದ ಎಫ್‌ಬಿಐ ಹೇಳಿತು.

ಹಾರ್ಮೊನಿ ಹೊರೈಜನ್ (2022ರ ಜೂನ್): 5 ಕೀಲಿಗಳಲ್ಲಿ 2 ಸಾಕಾಗಿದ್ದ ಈ ಸೇತುವೆಯಿಂದ ಸುಮಾರು 10 ಕೋಟಿ ಡಾಲರ್ ಮೌಲ್ಯ ಕಳವಾಯಿತು.

ಮಲ್ಟಿಚೈನ್ (2023ರ ಜುಲೈ): ಸುಮಾರು 12.5 ಕೋಟಿ ಡಾಲರ್ ಮೌಲ್ಯ ಅನುಮತಿಯಿಲ್ಲದೆ ಹೊರಹೋಯಿತು. ಸಂಸ್ಥೆಯ ಮುಖ್ಯಸ್ಥರನ್ನು ಚೀನಾದಲ್ಲಿ ಬಂಧಿಸಲಾಗಿದೆ, ಸೇತುವೆಯ ಕೀಲಿಗಳಿದ್ದ ವ್ಯವಸ್ಥೆಗೆ ಉಳಿದವರಿಗೆ ಪ್ರವೇಶವಿಲ್ಲ ಎಂದು ತಂಡವು ಆ ತಿಂಗಳು ಪ್ರಕಟಿಸಿತು. ವಿಕೇಂದ್ರಿತವೆಂದು ಹೇಳಿಕೊಂಡ ಸೇತುವೆ ವಾಸ್ತವದಲ್ಲಿ ಒಬ್ಬ ವ್ಯಕ್ತಿಯ ಮೇಲೆ ನಿಂತಿತ್ತು.

ಕೋಡ್ ಮತ್ತು ಮಾರ್ಪಾಡಿಗೆ ಸಂಬಂಧಿಸಿದವು

ಪಾಲಿ ನೆಟ್‌ವರ್ಕ್ (2021ರ ಆಗಸ್ಟ್): ಕಾಂಟ್ರ್ಯಾಕ್ಟ್‌ನ ದೋಷವನ್ನು ಬಳಸಿ 60 ಕೋಟಿ ಡಾಲರ್‌ಗೂ ಹೆಚ್ಚಿನ ಮೌಲ್ಯವನ್ನು ಕದಿಯಲಾಯಿತು. ಕದ್ದವರೇ ಬಹುಪಾಲನ್ನು ಹಿಂದಿರುಗಿಸಿದ್ದು ಅಪರೂಪದ ಸಂಗತಿ.

ವರ್ಮ್‌ಹೋಲ್ (2022ರ ಫೆಬ್ರವರಿ): ಸಹಿಗಳನ್ನು ಪರಿಶೀಲಿಸುವ ಹಂತವನ್ನು ವಂಚಿಸಿ, ಬೀಗ ಹಾಕದೆಯೇ ಸೊಲಾನಾ ಜಾಲದಲ್ಲಿ 1,20,000 ಸುತ್ತಿದ ಈಥರ್ ಟಂಕಿಸಲಾಯಿತು. ದೋಷವನ್ನು ತಿದ್ದುವ ಕೋಡ್ ಸಾರ್ವಜನಿಕ ಭಂಡಾರದಲ್ಲಿ ಕಾಣಿಸಿಕೊಂಡಿತ್ತು. ಚಾಲ್ತಿಯಲ್ಲಿದ್ದ ಸೇತುವೆಗೆ ಅದಿನ್ನೂ ಅನ್ವಯವಾಗಿರಲಿಲ್ಲ. ಆ ಅಂತರದಲ್ಲೇ ದಾಳಿ ನಡೆಯಿತು. ನಂತರ ಜಂಪ್ ಕ್ರಿಪ್ಟೋ ಸಂಸ್ಥೆಯು ನಷ್ಟವನ್ನು ತುಂಬಿಕೊಟ್ಟಿತು.

ನೋಮಾಡ್ (2022ರ ಆಗಸ್ಟ್): ವಾಡಿಕೆಯ ಮಾರ್ಪಾಡೊಂದರಲ್ಲಿ ಶೂನ್ಯ ಎಂಬ ಮೌಲ್ಯವನ್ನು ನಂಬಿಕೆಗೆ ಅರ್ಹವೆಂದು ಗುರುತಿಸಲಾಗಿತ್ತು. ಪರಿಣಾಮವಾಗಿ, ಪುರಾವೆಯಿಲ್ಲದ ಸಂದೇಶಗಳೂ ಮಾನ್ಯವಾದವು. ಮೊದಲ ದಾಳಿಕೋರರ ವಹಿವಾಟನ್ನು ನಕಲು ಮಾಡಿ, ವಿಳಾಸವನ್ನಷ್ಟೇ ಬದಲಿಸಿ, ನೂರಾರು ವಿಳಾಸಗಳಿಗೆ ಹಣ ಎಳೆದುಕೊಳ್ಳಲಾಯಿತು. ಕೆಲವೇ ಗಂಟೆಗಳಲ್ಲಿ ಸುಮಾರು 19 ಕೋಟಿ ಡಾಲರ್ ಬರಿದಾಯಿತು.

ಬಿಎನ್‌ಬಿ ಸೇತುವೆ (2022ರ ಅಕ್ಟೋಬರ್): ಗಣಿತದ ಪುರಾವೆಯನ್ನೇ ನಕಲಿಯಾಗಿ ರಚಿಸಿ 20 ಲಕ್ಷ ಬಿಎನ್‌ಬಿ ಟೋಕನ್ ಪಡೆಯಲಾಯಿತು. ವ್ಯಾಲಿಡೇಟರ್‌ಗಳು ಇಡೀ ಜಾಲವನ್ನು ನಿಲ್ಲಿಸಿದ್ದರಿಂದ ಹೆಚ್ಚಿನ ಭಾಗ ಹೊರಹೋಗಲಿಲ್ಲ.

ಬಳಕೆದಾರರು ಎದುರಿಸುವ ತೊಡಕುಗಳು

ಎಲ್ಲ ತೊಡಕುಗಳೂ ಕಳವಲ್ಲ. ದಿನನಿತ್ಯದ ಬಳಕೆಯಲ್ಲಿ ಕಾಣುವ ಸಾಮಾನ್ಯ ಸಮಸ್ಯೆಗಳು ಇವು:

ಬಾಕಿ ಉಳಿದ ವರ್ಗಾವಣೆ: ಮೂಲ ಜಾಲದಲ್ಲಿ ಹಣ ಕಡಿತವಾಗಿ ಗುರಿ ಜಾಲದಲ್ಲಿ ಕಾಣಿಸದಿರುವುದು. ಚೆಕ್‌ಪಾಯಿಂಟ್ ಅಥವಾ ಆಕ್ಷೇಪಣೆಯ ಅವಧಿ ಮುಗಿಯದಿರುವುದು ಸಾಮಾನ್ಯ ಕಾರಣ. ಕೆಲವು ಸೇತುವೆಗಳಲ್ಲಿ ಅವಧಿ ಮುಗಿದ ಮೇಲೆ ಬಳಕೆದಾರರೇ ಇನ್ನೊಂದು ವಹಿವಾಟು ನಡೆಸಿ ಹಣವನ್ನು ಬಿಡಿಸಿಕೊಳ್ಳಬೇಕು.

ಗ್ಯಾಸ್ ಇಲ್ಲದಿರುವುದು: ಗುರಿ ಜಾಲದಲ್ಲಿ ಟೋಕನ್ ಬಂದಿದ್ದರೂ, ಆ ಜಾಲದ ಶುಲ್ಕ ತೆರಲು ಬೇಕಾದ ಮೂಲ ನಾಣ್ಯ ಇಲ್ಲದಿದ್ದರೆ ಅದನ್ನು ಅಲುಗಿಸಲಾಗದು.

ತಪ್ಪು ಜಾಲದ ಆಯ್ಕೆ: ವಿನಿಮಯ ಕೇಂದ್ರವು ಬೆಂಬಲಿಸದ ಜಾಲದ ಮೂಲಕ ಅದರ ವಿಳಾಸಕ್ಕೆ ಹಣ ಕಳುಹಿಸಿದರೆ, ಅದು ಖಾತೆಗೆ ಜಮೆಯಾಗದೆ ಉಳಿಯಬಹುದು. ಕೇಂದ್ರದ ನೆರವಿಲ್ಲದೆ ಅದನ್ನು ಪಡೆಯುವುದು ಸಾಧ್ಯವಾಗದು.

ಒಂದೇ ಹೆಸರು, ಬೇರೆ ಟೋಕನ್: ಪಾಲಿಗನ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಸೇತುವೆಯಿಂದ ಬಂದ ಯುಎಸ್‌ಡಿಸಿ. 2023ರ ಅಕ್ಟೋಬರ್‌ನಲ್ಲಿ ಸರ್ಕಲ್ ಸಂಸ್ಥೆ ಅಲ್ಲಿ ಮೂಲ ಯುಎಸ್‌ಡಿಸಿಯನ್ನೇ ಹೊರಡಿಸಿದ ನಂತರ ಎರಡೂ ಚಲಾವಣೆಯಲ್ಲಿದ್ದವು. ಎರಡರ ಕಾಂಟ್ರ್ಯಾಕ್ಟ್ ವಿಳಾಸಗಳು ಬೇರೆ. ಹೆಸರನ್ನು ನೋಡಿ ಗುರುತಿಸಿದರೆ ಸಾಲದು.

ಹಳೆಯ ಅನುಮತಿಗಳು: ಸೇತುವೆಗೆ ಟೋಕನ್ ನೀಡುವ ಮೊದಲು ವಾಲೆಟ್‌ನಲ್ಲಿ ಅನುಮತಿ ಕೊಡಬೇಕಾಗುತ್ತದೆ. ಮಿತಿಯಿಲ್ಲದ ಅನುಮತಿ ಕೊಟ್ಟು ಮರೆತರೆ, ಮುಂದೆ ಆ ಸೇತುವೆಯ ಮೇಲೆ ದಾಳಿಯಾದಾಗ ವಾಲೆಟ್‌ನಲ್ಲಿ ಉಳಿದ ಟೋಕನ್‌ಗಳಿಗೂ ಅಪಾಯವಿದೆ. ಅನುಮತಿಯನ್ನು ರದ್ದುಪಡಿಸಲು ಅವಕಾಶವಿದೆ.

ನಕಲಿ ಸಹಾಯವಾಣಿ: ಹಣ ಬಾಕಿ ಉಳಿದಿದೆ ಎಂದು ಬಹಿರಂಗವಾಗಿ ಬರೆದುಕೊಂಡವರನ್ನು ವಂಚಕರು ಡೆವಲಪರ್ ತಂಡದವರೆಂದು ಹೇಳಿಕೊಂಡು ಸಂಪರ್ಕಿಸುತ್ತಾರೆ. ವಾಲೆಟ್‌ನ 12 ಅಥವಾ 24 ಪದಗಳ ರಹಸ್ಯ ಪದಮಾಲೆಯನ್ನು ಯಾವ ನಿಜವಾದ ಡೆವಲಪರ್ ತಂಡವೂ ಕೇಳುವುದಿಲ್ಲ. ಟೋಕನ್ ಬದಲಾವಣೆಯ ಗಡುವು ಹತ್ತಿರವಾದಾಗ ನಕಲಿ ವಲಸೆ ಪುಟಗಳು ಹುಟ್ಟಿಕೊಳ್ಳುವುದೂ ಉಂಟು.

ಕರ್ನಾಟಕದಲ್ಲಿ

ಭಾರತದ ಆರಂಭಿಕ ಬಿಟ್‌ಕಾಯಿನ್ ಸಂಸ್ಥೆಗಳಲ್ಲಿ ಒಂದಾದ ಯುನೊಕಾಯಿನ್ 2013ರಲ್ಲಿ ತುಮಕೂರಿನಲ್ಲಿ ಆರಂಭವಾಯಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ತಂತ್ರಜ್ಞಾನದ ಉತ್ಕೃಷ್ಟತಾ ಕೇಂದ್ರವನ್ನು ತೆರೆಯಿತು. ಸರ್ಕಾರಿ ದಾಖಲೆಗಳಿಗಾಗಿ ಬಳಸುವ ಇಂಥ ಅನುಮತಿ ಆಧಾರಿತ ಬ್ಲಾಕ್‌ಚೈನ್‌ಗಳಲ್ಲಿ ಮಾರಾಟದ ಟೋಕನ್ ಇರುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ವಿವರಿಸಿದ ಸೇತುವೆಯ ಅಪಾಯಗಳನ್ನು ಅವುಗಳಿಗೆ ನೇರವಾಗಿ ಅನ್ವಯಿಸಲಾಗದು.

1998ರಲ್ಲಿ ಸ್ಥಾಪನೆಯಾಗಿ ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ಪಠ್ಯಕ್ರಮದಲ್ಲಿ ಬ್ಲಾಕ್‌ಚೈನ್ ತಂತ್ರಜ್ಞಾನವು ಐಚ್ಛಿಕ ವಿಷಯವಾಗಿ ಸೇರಿದೆ. ಹೀಗಾಗಿ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ಮಾರ್ಟ್ ಕಾಂಟ್ರ್ಯಾಕ್ಟ್ ರಚನೆಯನ್ನು ತರಗತಿಯಲ್ಲೇ ಪರಿಚಯಿಸಿಕೊಳ್ಳುತ್ತಾರೆ.

2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ವಿನಿಮಯ ಸಂಸ್ಥೆಯ ಆಂತರಿಕ ಖಾತೆಯೊಂದರಿಂದ ಸುಮಾರು 4.4 ಕೋಟಿ ಡಾಲರ್ ಮೌಲ್ಯ ಕಳವಾಯಿತು. ಬಳಕೆದಾರರ ಹಣ ಸುರಕ್ಷಿತವಾಗಿದೆ, ನಷ್ಟವನ್ನು ಸಂಸ್ಥೆಯೇ ಭರಿಸುತ್ತದೆ ಎಂದು ಸಂಸ್ಥೆ ತಿಳಿಸಿತು. ಪ್ರಕರಣವು ಬೆಂಗಳೂರಿನ ಪೊಲೀಸರ ಬಳಿ ದಾಖಲಾಯಿತು. ಇಲ್ಲಿ ಸೇತುವೆ ಮುರಿದಿರಲಿಲ್ಲ. ಕದ್ದ ಹಣದ ಒಂದು ಭಾಗವನ್ನು ಸೊಲಾನಾದಿಂದ ಇಥೀರಿಯಮ್‌ಗೆ ಸಾಗಿಸಲು ಸೇತುವೆಯನ್ನು ಬಳಸಲಾಗಿತ್ತು. ಜಾಲ ಬದಲಾದಂತೆ ಹಣದ ಜಾಡು ಹಿಡಿಯುವುದು ಕಠಿಣವಾಗುವುದರಿಂದ ತನಿಖಾಧಿಕಾರಿಗಳಿಗೂ ಸೇತುವೆಗಳ ಕಾರ್ಯವಿಧಾನದ ಅರಿವು ಅಗತ್ಯವಾಗಿದೆ.

ಕಾನೂನು ಮತ್ತು ದೂರು

ಭಾರತದಲ್ಲಿ ಕ್ರಿಪ್ಟೋ ಟೋಕನ್‌ಗಳು ಕಾನೂನುಬದ್ಧ ಹಣವಲ್ಲ. ಅವುಗಳನ್ನು ಹೊಂದಿರುವುದಕ್ಕೆ ನಿಷೇಧವೂ ಇಲ್ಲ. ಬ್ಯಾಂಕುಗಳು ಈ ವ್ಯವಹಾರಕ್ಕೆ ಸೇವೆ ನೀಡದಂತೆ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿಗಳ ವರ್ಗಾವಣೆಯಿಂದ ಬಂದ ಲಾಭಕ್ಕೆ ಶೇಕಡಾ 30ರ ಆದಾಯ ತೆರಿಗೆಯನ್ನೂ, ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಯ ಮೊತ್ತದ ಮೇಲೆ ಶೇಕಡಾ 1ರ ಮೂಲದಲ್ಲೇ ಕಡಿತವನ್ನೂ ವಿಧಿಸಲಾಯಿತು. ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2023ರ ಮಾರ್ಚ್ 7ರ ಅಧಿಸೂಚನೆಯಿಂದ ವಿನಿಮಯ ಸಂಸ್ಥೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು.

ವಂಚನೆಗೊಳಗಾದವರು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು ಅಥವಾ ಹತ್ತಿರದ ಪೊಲೀಸ್ ಠಾಣೆಗೆ ದೂರು ನೀಡಬಹುದು. ಬೆಳಗಾವಿ ನಗರವು ಪೊಲೀಸ್ ಆಯುಕ್ತರ ವ್ಯಾಪ್ತಿಯಲ್ಲೂ ಖಾನಾಪುರ ತಾಲ್ಲೂಕು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ವ್ಯಾಪ್ತಿಯಲ್ಲೂ ಬರುತ್ತವೆ. ವಹಿವಾಟಿನ ಹ್ಯಾಶ್ ಸಂಖ್ಯೆ, ಕಳುಹಿಸಿದ ಹಾಗೂ ಪಡೆದ ವಾಲೆಟ್ ವಿಳಾಸಗಳು, ಎರಡೂ ಜಾಲಗಳ ಹೆಸರು, ದಿನಾಂಕ ಮತ್ತು ಸಮಯ ಇವುಗಳನ್ನು ದೂರಿನಲ್ಲಿ ಒದಗಿಸಿದರೆ ತನಿಖೆಗೆ ನೆರವಾಗುತ್ತದೆ. ಬ್ಯಾಂಕ್ ವರ್ಗಾವಣೆಯಂತೆ ಬ್ಲಾಕ್‌ಚೈನ್ ವಹಿವಾಟನ್ನು ತಡೆಯಲು ಅಥವಾ ಹಿಂದಿರುಗಿಸಲು ಮಧ್ಯವರ್ತಿಗಳಿಲ್ಲ. ಆದರೂ ಹಣ ವಿನಿಮಯ ಕೇಂದ್ರವೊಂದನ್ನು ತಲುಪಿದರೆ ಆ ಹಂತದಲ್ಲಿ ಖಾತೆಯನ್ನು ಸ್ಥಗಿತಗೊಳಿಸಲು ಅವಕಾಶವಿರುವುದರಿಂದ ದೂರು ನೀಡುವಲ್ಲಿ ವಿಳಂಬ ಸಲ್ಲದು. ಕಳೆದುಹೋದ ಹಣವನ್ನು ಮರಳಿ ಕೊಡಿಸುತ್ತೇವೆಂದು ಮುಂಗಡ ಶುಲ್ಕ ಕೇಳುವವರು, ಈಗಾಗಲೇ ನೊಂದವರನ್ನು ಎರಡನೆಯ ಬಾರಿ ವಂಚಿಸುವವರೇ ಆಗಿರುತ್ತಾರೆ.